ಪಾಳಿ ಬಂದಾಗ ಹೊಡೆಯಿರಿ: ರೋಣ, ನರಗುಂದ, ಗಜೇಂದ್ರಗಡದ ಬಳಕೆದಾರರಿಗೊಂದು ಕೈಪಿಡಿ

ಆಡುವ ಮುನ್ನ

ಮೊದಲು ಮೊಬೈಲನ್ನು ಚಾರ್ಜಿಗೆ ಹಾಕಿ, ಆಮೇಲೆ ಈ ಕೈಪಿಡಿ ಓದಿ. ಓದಿ ಮುಗಿಯುವಷ್ಟರಲ್ಲಿ ಕರೆಂಟ್ ಹೋಗಬಹುದು. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ಗರಗರ ತಿರುಗುತ್ತಿರುವಾಗಲೇ ಕೆಳಗಿನ ಓಣಿಯಲ್ಲಿ ಕತ್ತಲಾಗುವುದು ಹೊಸದೇನಲ್ಲ.

ನೀವು ಕೈಯಲ್ಲಿ ಹಿಡಿದಿರುವುದು ಹಳೆ ಚೆಹರೆಯ ಹೊಸ ಆಟ. ಚಿತ್ರವೆಲ್ಲ ಚೌಕ ಚೌಕ, ಸಂಗೀತ ಟುಂಯ್ ಟುಂಯ್, ನಾಯಕ ನಡೆದರೆ ಕಾಲಿಗೆ ಎರಡೇ ಭಂಗಿ. ಇದನ್ನು ಕಂಪನಿಯ ಬಡತನ ಎಂದುಕೊಂಡು ಅಂಗಡಿಗೆ ವಾಪಸ್ ಒಯ್ಯಬೇಡಿ. ಬೇಕಂತಲೇ ಹೀಗೆ ಮಾಡುತ್ತಾರೆ. 2018ರ ‘ಆಕ್ಟೋಪಾತ್ ಟ್ರಾವೆಲರ್’, ಕೆನಡಾದ ಕ್ವಿಬೆಕ್‌ನಿಂದ 2023ರಲ್ಲಿ ಬಂದ ‘ಸೀ ಆಫ್ ಸ್ಟಾರ್ಸ್’, ಮತ್ತಿಯಾಸ್ ಲಿಂಡಾ ಎಂಬ ಜರ್ಮನಿಯವರು ಹೆಚ್ಚುಕಮ್ಮಿ ಒಬ್ಬರೇ ವರ್ಷಗಟ್ಟಲೆ ಕೂತು ಕಟ್ಟಿ 2022ರಲ್ಲಿ ಹೊರತಂದ ‘ಚೇನ್ಡ್ ಎಕೋಸ್’, ಎಲ್ಲವೂ ಇದೇ ಗುಂಪಿನವು. 1987ರ ‘ಫೈನಲ್ ಫ್ಯಾಂಟಸಿ’ಯನ್ನಂತೂ 2021ರಲ್ಲಿ ತೊಳೆದು ಬಳಿದು ಮೊಬೈಲಿಗೇ ತಂದಿದ್ದಾರೆ. ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಬೇಕಿಲ್ಲ. ಹೊಲದ ಬದುವಿನ ಮೇಲೆ ಕೂತೂ ಆಡಬಹುದು.

1990ರ ದಶಕದಲ್ಲಿ ಟಿವಿಗೆ ಜೋಡಿಸಿ ಆಡಿದ ವಿಡಿಯೋ ಗೇಮ್ ನೆನಪಿದ್ದವರು, ‘ಇದೇನು, ಕಾಂಟ್ರಾ, ಮಾರಿಯೋ ಇದ್ದಂಗಾ?’ ಎಂದು ಕೇಳುತ್ತಾರೆ. ಅಲ್ಲ. ಒಂದೇ ಡಬ್ಬಿಯಲ್ಲಿ ಸಾವಿರಾರು ಆಟ ಎಂದು ಬರೆದಿರುತ್ತಿದ್ದ ಆ ಕ್ಯಾಸೆಟ್ಟುಗಳಲ್ಲಿ ಸಾಮಾನ್ಯವಾಗಿ ಈ ಜಾತಿಯ ಆಟ ಇರುತ್ತಿರಲಿಲ್ಲ. ಇದು ಹಾರುವ, ಗುಂಡು ಹಾರಿಸುವ ಆಟವಲ್ಲ. ಮನೆಯಲ್ಲಿ ‘ಏನ್ ಆಡಾಕತ್ತೀಪಾ?’ ಎಂದು ಕೇಳಿದರೆ ‘ಓದಾಕತ್ತೇನಿ ಯವ್ವಾ’ ಎನ್ನಿ. ಮುಕ್ಕಾಲು ಪಾಲು ನಿಜವೇ.

ಯಂತ್ರ ಕೆಲಸ ಮಾಡುವ ಬಗೆ

ನೀವು ಹೊಡೆಯುತ್ತೀರಿ, ನಿಲ್ಲುತ್ತೀರಿ. ರಾಕ್ಷಸ ಹೊಡೆಯುತ್ತದೆ, ನಿಲ್ಲುತ್ತದೆ. ಮತ್ತೆ ನಿಮ್ಮ ಪಾಳಿ. ಹೊಡಿ, ಮಂತ್ರ ಹಾಕು, ಚೀಲಕ್ಕೆ ಕೈ ಹಾಕು, ಓಡಿಹೋಗು: ಪರದೆಯ ಮೂಲೆಯಲ್ಲಿ ಇಷ್ಟೇ ಬರೆದಿರುತ್ತದೆ, ಒಂದನ್ನು ಒತ್ತಬೇಕು. ಏಟು ಎಷ್ಟು ಬಿತ್ತು ಎಂಬುದನ್ನು ಒಳಗೆ ಒಂದು ಕಾಣದ ದಾಳ ಉರುಳಿ ಹೇಳುತ್ತದೆ.

ಇದು ಅರ್ಥವಾಗದಿದ್ದರೆ ಮನೆಯ ಹಿರಿಯರ ಹತ್ತಿರ ಹೋಗಿ. ಚೌಕಾಬಾರ ಆಡಿದ ಅಜ್ಜಿಗೆ ಈ ಯಂತ್ರದ ಬಗ್ಗೆ ಹೇಳಿಕೊಡಬೇಕಾದ್ದು ಏನೂ ಇಲ್ಲ. ನಾಲ್ಕು ಕವಡೆ ಎಸೆದು ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು ಮನೆ ಮತ್ತು ಇನ್ನೊಂದು ಪಾಳಿ. ಕಾಯಿ ಕಡಿದರೂ ಇನ್ನೊಂದು ಪಾಳಿ. ಕಡಿಯದವರಿಗೆ ಒಳಸುತ್ತಿಗೆ ಪ್ರವೇಶವಿಲ್ಲ. ಕವಡೆ ಎರಡೂ ಮಗ್ಗುಲಿಗೆ ಸಮ ಬೀಳುತ್ತದೆ ಎಂದು ಹಿಡಿದರೆ ಬಾರ ಬೀಳುವ ಸಾಧ್ಯತೆ 16ರಲ್ಲಿ 1. 1986ರ ಜಪಾನಿನ ‘ಡ್ರ್ಯಾಗನ್ ಕ್ವೆಸ್ಟ್’ನಲ್ಲಿ ನಾಯಕನ ಏಟು ಭರ್ಜರಿಯಾಗಿ ಕೂರುವ ಸಾಧ್ಯತೆ 32ರಲ್ಲಿ 1. ಅಂದರೆ ನಮ್ಮ ಪಡಸಾಲೆಯ ಆಟ ಆ ಯಂತ್ರಕ್ಕಿಂತ ಎರಡು ಪಟ್ಟು ಉದಾರಿ. ಕವಡೆಯನ್ನು ಎರಡು ಅಂಗೈ ನಡುವೆ ಎಷ್ಟು ಹೊತ್ತು ಕುಲುಕಬೇಕು, ಯಾವ ದೇವರನ್ನು ನೆನೆಯಬೇಕು ಎಂಬ ವಿದ್ಯೆಯೂ ಅಜ್ಜಿಗೆ ಗೊತ್ತು. ಮೊಬೈಲಿನಲ್ಲಿ ಆ ಸೌಲಭ್ಯವಿಲ್ಲ.

ವಂಶಾವಳಿ ಬೇಕಾದವರಿಗೆ ಚುಟುಕಾಗಿ: 1974ರಲ್ಲಿ ಅಮೆರಿಕದಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಬಂತು. ಮೇಜಿನ ಸುತ್ತ ಕೂತು, ದಾಳ ಎಸೆದು, ಬಾಯಲ್ಲೇ ಕತೆ ಕಟ್ಟುವ ಆಟ. ಅದನ್ನು ಕಂಪ್ಯೂಟರಿಗೆ ಇಳಿಸಿದವುಗಳಲ್ಲಿ 1981ರ ‘ವಿಝರ್ಡ್ರಿ’ ಹೆಸರಾಯಿತು. ಅದನ್ನೂ ‘ಅಲ್ಟಿಮಾ’ವನ್ನೂ ಆಡಿ ಮೆಚ್ಚಿದ ಯೂಜಿ ಹೋರಿಯಿ, ಇದನ್ನು ಟಿವಿ ಮುಂದೆ ಕೂತ ಮಕ್ಕಳಿಗೂ ಅರ್ಥವಾಗುವ ಹಾಗೆ ಮಾಡಬೇಕೆಂದು ‘ಡ್ರ್ಯಾಗನ್ ಕ್ವೆಸ್ಟ್’ ಕಟ್ಟಿದರು. ಅದಕ್ಕೆ ರಾಕ್ಷಸರ ಚಿತ್ರ ಬರೆದವರು ‘ಡ್ರ್ಯಾಗನ್ ಬಾಲ್’ನ ಅಕಿರಾ ತೊರಿಯಾಮಾ. ಮೊಟ್ಟಮೊದಲು ಎದುರಾಗುವ ನೀಲಿ ಮುದ್ದೆ, ಸ್ಲೈಮ್, ನಗುತ್ತಲೇ ಇರುತ್ತದೆ. ಅದನ್ನು ಹೊಡೆಯಲು ಮನಸ್ಸು ಬಾರದಿದ್ದರೆ ಅದು ನಿಮ್ಮ ದೋಷವಲ್ಲ, ಚಿತ್ರಕಾರರ ಕೈಚಳಕ.

ಈ ಕೈಪಿಡಿಯ ಅತಿ ಮುಖ್ಯ ಸೂಚನೆ ಇಲ್ಲಿದೆ. ಈ ಆಟ ಕಾಯುತ್ತದೆ. ನೀವು ಗುಂಡಿ ಒತ್ತುವ ತನಕ ಎದುರಿನ ರಾಕ್ಷಸ ಮಿಸುಕುವುದಿಲ್ಲ. ಗುಂಡಿನ ಆಟದಲ್ಲಿ ಮುಳುಗಿದ ಹುಡುಗನನ್ನು ‘ರೊಟ್ಟಿ ಆರಾಕತ್ತಾವ, ಬಾ’ ಎಂದು ಅವ್ವ ಕರೆದರೆ ಅವನು ಊಟಕ್ಕೆ ಎದ್ದರೆ ಸಾಯುತ್ತಾನೆ, ಏಳದಿದ್ದರೂ ಸಾಯುತ್ತಾನೆ. ಪಾಳಿ ಆಟದವನು ಮೊಬೈಲನ್ನು ಬೋರಲು ಹಾಕಿ, ಉಂಡು, ತಾಟು ತೊಳೆದು, ಎಮ್ಮೆಗೆ ನೀರು ತೋರಿಸಿ, ಕಾಕಾನನ್ನು ಬೈಕಿನ ಮೇಲೆ ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಂದರೂ ಡ್ರ್ಯಾಗನ್ ಅಲ್ಲೇ ಬಾಯಿ ತೆರೆದು ನಿಂತಿರುತ್ತದೆ. ಹತ್ತು ಮಂದಿ ಇರುವ ಮನೆಯಲ್ಲಿ, ಯಾರು ಯಾವಾಗ ಕರೆಯುತ್ತಾರೆಂದು ಹೇಳಲಾಗದ ಕಡೆ, ಆಡಲು ಯೋಗ್ಯವಾದ ಆಟ ಇದೊಂದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಜಪಾನಿನವರು ಇದನ್ನು ನಮ್ಮ ಅವಿಭಕ್ತ ಕುಟುಂಬ ನೋಡಿ ಮಾಡಲಿಲ್ಲ, ನಿಜ. ಆದರೆ ನೋಡಿ ಮಾಡಿದ ಹಾಗಿದೆ.

(ಎಚ್ಚರ: 1991ರ ನಾಲ್ಕನೇ ‘ಫೈನಲ್ ಫ್ಯಾಂಟಸಿ’ಯಿಂದ ಕೆಲವು ಆಟಗಳಲ್ಲಿ ನೀವು ಯೋಚಿಸುತ್ತಿರುವಾಗಲೂ ರಾಕ್ಷಸನ ಗಡಿಯಾರ ಓಡುತ್ತಿರುತ್ತದೆ. ಸೆಟ್ಟಿಂಗ್‌ನಲ್ಲಿ ‘ವೇಟ್’ ಇದ್ದರೆ ಮೊದಲು ಅದನ್ನು ಹಾಕಿಕೊಳ್ಳಿ.)

ಕಾಯುವುದನ್ನು ನಮ್ಮ ಕಡೆಯವರಿಗೆ ಯಾರೂ ಕಲಿಸಬೇಕಿಲ್ಲ. ಮಲಪ್ರಭಾ ಕಾಲುವೆಯ ಕೊನೆಯ ಹೊಲದವನು ನೀರಿನ ಪಾಳಿಗೆ ಕಾಯುತ್ತಾನೆ. ಮಹದಾಯಿ ನೀರಿಗಾಗಿ 2015ರ ಜುಲೈಯಲ್ಲಿ ನರಗುಂದದಲ್ಲಿ ಧರಣಿಗೆ ಕೂತವರು ವರ್ಷಗಟ್ಟಲೆ ಕೂತರು. 2018ರಲ್ಲಿ ನ್ಯಾಯಮಂಡಳಿಯ ತೀರ್ಪೂ ಬಂತು. ಅಲ್ಲಿ ಎದುರಾಳಿಯ ಪಾಳಿ ಇನ್ನೂ ಮುಗಿದಿಲ್ಲ. ಆಟದಲ್ಲಿ ಹಾಗಲ್ಲ, ಕಾದವರಿಗೆ ಪಾಳಿ ಬಂದೇ ಬರುತ್ತದೆ. ಆಟ ಅನ್ನುವುದು ಅದಕ್ಕೇ.

ನಾಯಕನಿಗೆ ಹೆಸರಿಡುವುದು

ಆಟ ಶುರುವಾಗುತ್ತಲೇ ನಿಮ್ಮ ಹೆಸರು ಕೇಳುತ್ತದೆ. ಇಲ್ಲಿ ಗಜೇಂದ್ರಗಡದವರಿಗೆ ಮೊದಲ ಸೋಲು ಕಾದಿದೆ. ಗುಡ್ಡದ ಕಾಲಕಾಲೇಶ್ವರನ ಕೃಪೆಯಿಂದ ಆ ಸೀಮೆಯಲ್ಲಿ ಒಂದು ಕಲ್ಲೆಸೆದರೆ ಇಬ್ಬರು ಕಳಕಪ್ಪಂದಿರಿಗೆ ತಾಗುತ್ತದೆ. ಅಮೆರಿಕಕ್ಕೆ ಹೋದ ಹಳೆ ‘ಡ್ರ್ಯಾಗನ್ ಕ್ವೆಸ್ಟ್’ನಲ್ಲಿ ಹೆಸರಿಗೆ ಎಂಟು ಇಂಗ್ಲಿಷ್ ಅಕ್ಷರದ ಜಾಗ. ಕಳಕಪ್ಪ ಎಂದು ಇಂಗ್ಲಿಷಿನಲ್ಲಿ ಬರೆಯಲು ಒಂಬತ್ತು ಬೇಕು. ಮೊದಲ ‘ಫೈನಲ್ ಫ್ಯಾಂಟಸಿ’ಯಲ್ಲಂತೂ ನಾಲ್ಕೇ ಅಕ್ಷರ. ಕಳಕಪ್ಪ ಅಲ್ಲಿ ‘ಕಲಾ’ ಆಗಿ, ಕತ್ತಿ ಹಿಡಿದು, ಮೀಸೆ ತಿರುವಿ ರಣರಂಗಕ್ಕೆ ಇಳಿಯಬೇಕು.

ಭೀಮವ್ವನಿಗೆ ಈ ತೊಂದರೆಯಿಲ್ಲ. ಇಟಗಿಯ ತಾಯಿಯ ಹೆಸರು ಎಂಟು ಅಕ್ಷರಕ್ಕೆ ಸರಿಯಾಗಿ ಕೂರುತ್ತದೆ. ಹೆಸರು ಕೂರದವರು ಅವಳದ್ದನ್ನೇ ಇಟ್ಟುಕೊಳ್ಳಿ, ಆಟಕ್ಕೂ ಬಲ ಬರುತ್ತದೆ.

ರಾಜನ ದರ್ಶನ ಮತ್ತು ಪೇಟೆ

ಹೆಸರಿಟ್ಟ ಮೇಲೆ ‘ಡ್ರ್ಯಾಗನ್ ಕ್ವೆಸ್ಟ್’ನ ರಾಜ ಕರೆಯುತ್ತಾನೆ. ರಾಕ್ಷಸರ ಒಡೆಯ ಬೆಳಕಿನ ಗೋಳ ಕದ್ದಿದ್ದಾನೆ, ಹೋಗಿ ತೆಗೆದುಕೊಂಡು ಬಾ ಎನ್ನುತ್ತಾನೆ. ಮಗಳೂ ಕಾಣೆಯಾಗಿದ್ದಾಳೆ, ಆದರೆ ಅದನ್ನು ಅವನು ಬಾಯಿಬಿಟ್ಟು ಹೇಳುವುದಿಲ್ಲ, ಕಾವಲಿನವರಿಂದ ತಿಳಿಯಬೇಕು. ಖರ್ಚಿಗೆ 120 ಚಿನ್ನದ ನಾಣ್ಯ. ಅದೇ ಊರ ಸುತ್ತಮುತ್ತಲ ಅಂಗಡಿಗಳಲ್ಲಿ ತಾಮ್ರದ ಕತ್ತಿಗೆ 180. ಬಿದಿರಿನ ಬಡಿಗೆ 10. ಸ್ವಂತ ಮಗಳನ್ನು ಬಿಡಿಸಿ ತರಲು ಹೊರಟವನಿಗೆ ಒಂದು ಕತ್ತಿಯಷ್ಟೂ ದುಡ್ಡು ಕೊಡದ ಈ ರಾಜನ ಬಗ್ಗೆ ಕೈಪಿಡಿಗಾರನಿಗೆ ಗೌರವವಿಲ್ಲ. ನರಗುಂದದ ಬಾಬಾಸಾಹೇಬ ಭಾವೆ ದತ್ತಕದ ಹಕ್ಕು ಕೊಡದ ಕಂಪನಿ ಸರ್ಕಾರದ ಮೇಲೆ 1858ರಲ್ಲಿ ತಾನೇ ಎದ್ದ. ಯಾವುದೋ ಬಡ ಹುಡುಗನ ಕೈಗೆ ಬಡಿಗೆ ಕೊಟ್ಟು ನೀ ಹೋಗಪ್ಪಾ ಎನ್ನಲಿಲ್ಲ. ಜೂನ್ 12ರಂದು ಬೆಳಗಾವಿಯಲ್ಲಿ ಅವನನ್ನು ಗಲ್ಲಿಗೇರಿಸಿದರು. ಆ ಆಟದಲ್ಲಿ ಎರಡನೇ ಜೀವ ಇರಲಿಲ್ಲ.

ಬಡಿಗೆ ಕೊಂಡು ಊರೊಳಗೆ ತಿರುಗಿ. ಎಲ್ಲರನ್ನೂ ಮಾತಾಡಿಸಿ. ಪ್ರತಿಯೊಬ್ಬರ ಹತ್ತಿರ ಒಂದೇ ಮಾತಿರುತ್ತದೆ, ಎಷ್ಟು ಸಲ ಕೇಳಿದರೂ ಅದನ್ನೇ ಹೇಳುತ್ತಾರೆ. ರೋಣದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಯಾವಾಗ ಎಂದು ಕೇಳಿ ಅಭ್ಯಾಸವಿದ್ದವರಿಗೆ ಇದು ತೊಡಕಾಗದು. ಆಟದಲ್ಲಿ ಯಾರ ಮನೆಗಾದರೂ ನುಗ್ಗಿ ಪೆಟ್ಟಿಗೆ ತೆರೆಯಬಹುದು, ಗಡಿಗೆ ಒಡೆಯಬಹುದು, ಸಿಕ್ಕಿದ್ದನ್ನು ಚೀಲಕ್ಕೆ ಹಾಕಿಕೊಳ್ಳಬಹುದು. ಮನೆಯವರು ಪಕ್ಕದಲ್ಲೇ ನಿಂತು ಹವಾಮಾನದ ಮಾತಾಡುತ್ತಿರುತ್ತಾರೆ. ಇದನ್ನು ಊರಲ್ಲಿ ಪ್ರಯೋಗಿಸಬೇಡಿ. ಹಾಗೆಯೇ ಆಟದ ಅಂಗಡಿಯಲ್ಲಿ ‘ಬಟ್ಟೆ’ಗೆ ಕೊಟ್ಟಿರುವ ರಕ್ಷಣೆಯ ಅಂಕಿ ತೀರ ಕಡಿಮೆ. ಗಜೇಂದ್ರಗಡದ ಮಗ್ಗದ ಪಟ್ಟೇದಂಚಿನ ಸೀರೆ ಉಟ್ಟು ನೋಡಿದವರು ಅದನ್ನು ಒಪ್ಪುವುದಿಲ್ಲ.

ಬಯಲಿನಲ್ಲಿ

ಊರ ಹೊರಗೆ ಕಾಲಿಟ್ಟರೆ ರಾಕ್ಷಸರು ಎದುರಾಗುತ್ತಾರೆ. ಒಂದು ಸ್ಲೈಮ್ ಹೊಡೆದರೆ ಅನುಭವ 1. ಎರಡನೇ ಮಟ್ಟಕ್ಕೆ ಏರಲು 7 ಬೇಕು. ಆದ್ದರಿಂದ ಏಳು ಸ್ಲೈಮ್. ಆಮೇಲಿನ ಮಟ್ಟಗಳಿಗೆ ಇನ್ನೂ, ಇನ್ನೂ. ಊರ ಸುತ್ತ ಸುತ್ತಿ ಅದನ್ನೇ ಹೊಡೆಯುತ್ತಿರಬೇಕು. ಬೇಸರದ ಕೆಲಸ, ಒಪ್ಪುತ್ತೇನೆ. ಈ ಹಂತದಲ್ಲಿ ಆಟ ಬಿಟ್ಟವರೇ ಹೆಚ್ಚು. ಮುಂಗಾರಿನ ಹೆಸರಿಗೆ ಎಡೆಕುಂಟೆ ಹೊಡೆಯುವವನು ಸಾಲು ಬಿಟ್ಟು ಸಾಲು ಜಿಗಿಯುವುದಿಲ್ಲ, ಇಲ್ಲೂ ಹಾಗೆಯೇ. ವ್ಯತ್ಯಾಸವೆಂದರೆ ಇಲ್ಲಿ ಫಲ ಖಾತ್ರಿ: ಏಳು ಹೊಡೆದರೆ ಮಟ್ಟ ಏರಿಯೇ ಏರುತ್ತದೆ, ಮಾರುಕಟ್ಟೆಯಲ್ಲಿ ದರ ಬಿತ್ತು ಎಂದು ಯಾರೂ ಇಳಿಸುವುದಿಲ್ಲ.

ಈ ಸ್ಲೈಮ್ ಸತ್ತಾಗ ಚಿನ್ನದ ನಾಣ್ಯವನ್ನೂ ಉದುರಿಸುತ್ತದೆ. ಕೈಕಾಲಿಲ್ಲದ, ಜೇಬಿಲ್ಲದ ಮುದ್ದೆ ಅದನ್ನು ಎಲ್ಲಿಟ್ಟುಕೊಂಡಿತ್ತು ಎಂದು ಕೇಳಬೇಡಿ. ಟಂಕಸಾಲೆಗೆ ಹೆಸರಾದ ಲಕ್ಕುಂಡಿ ಇಲ್ಲೇ ಪಕ್ಕದಲ್ಲಿದೆ, ಲೊಕ್ಕಿ ಗದ್ಯಾಣ ಒಂದು ಕಾಲಕ್ಕೆ ಈ ನಾಡಿನ ಗಟ್ಟಿ ನಾಣ್ಯವಾಗಿತ್ತು. ನೆಲದಿಂದ ಚಿನ್ನ ಬರುತ್ತದೆಂದು ನಂಬಲು ಗದಗ ಜಿಲ್ಲೆಯವರಿಗೆ ಕಷ್ಟವಾಗಬಾರದು.

ಆಟದ ನಕ್ಷೆಯಲ್ಲಿ ಹೋರಿಯಿ ಒಂದು ಜಾಣತನ ಮಾಡಿದ್ದಾರೆ. ಮೊದಲ ಅರಮನೆಯಿಂದ ಹೊರಬಂದ ಕೂಡಲೇ, ನೀರಿನ ಆಚೆ ದಡದಲ್ಲಿ ಕೊನೆಯ ರಾಕ್ಷಸನ ಕೋಟೆ ಕಾಣುತ್ತದೆ. ಕಣ್ಣಿಗೆ ಹತ್ತಿರ, ಕಾಲಿಗೆ ದೂರ. ಆಟವಿಡೀ ಸುತ್ತಿ ಬಳಸಿ ಅಲ್ಲಿಗೇ ಹೋಗಬೇಕು. ಇದರ ರುಚಿ ತಿಳಿಯಬೇಕಾದರೆ ಎರಿ ಹೊಲದ ನಡುವೆ ನಿಂತು ನರಗುಂದದ ಗುಡ್ಡ ನೋಡಿ. ಸಪಾಟು ಕರಿ ನೆಲದ ಮೇಲೆ ಅದೊಂದೇ ಎದ್ದು ನಿಂತಿದೆ, ಎಷ್ಟು ನಡೆದರೂ ಅಷ್ಟೇ ದೂರ. ಅದರಲ್ಲೂ ಮಳೆಯಾದ ಮರುದಿನ ನಡೆಯಿರಿ. ಆಟದಲ್ಲಿ ಕೆಸರಿನ ಮೇಲೆ ಒಂದು ಹೆಜ್ಜೆಗೆ 2 ಅಂಕ ಪ್ರಾಣ ಹೋಗುತ್ತದೆ. ಎರಿ ಮಣ್ಣು ಮೆಟ್ಟಿಗೆ ಮೆತ್ತಿ, ಕಾಲೊಂದೊಂದು ಐದೈದು ಸೇರು ತೂಗುವಾಗ ಆ 2 ಎಂಬ ಅಂಕಿ ಯಾವುದೋ ಬೆಟ್ಟದ ದೇಶದವರ ಲೆಕ್ಕ ಎನ್ನಿಸುತ್ತದೆ.

ಕತ್ತಲ ಗುಹೆ

ಗುಹೆಗೆ ಇಳಿಯುವ ಮೊದಲು ಪಂಜು ಕೊಳ್ಳಿ. ಪಂಜಿಲ್ಲದೆ ಇಳಿದರೆ ಪರದೆಯೆಲ್ಲ ಕಪ್ಪು.

ನರಗುಂದ ಸೀಮೆಯವರಿಗೆ ಇದನ್ನು ಬೇರೆ ರೀತಿಯಲ್ಲಿ ಹೇಳುತ್ತೇನೆ: ಹಗೇವಿಗೆ ಇಳಿಯುವಾಗಿನ ನಿಯಮಗಳೇ ಇಲ್ಲೂ. ಜೋಳ ತುಂಬಿಡಲು ನೆಲದಡಿ ತೋಡಿದ ಆ ಕಣಜಕ್ಕೆ ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಬಾಯಿ ತೆಗೆದ ಕೂಡಲೇ ಇಳಿದವನಿಗೆ ಒಳಗಿನ ಕೆಟ್ಟ ಗಾಳಿಗೆ ಉಸಿರು ಕಟ್ಟುತ್ತದೆ. ತಿಳಿದವರು ಬಾಯಿ ತೆರೆದಿಟ್ಟು ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು ನೋಡಿ, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಈಗ ಜೋಳ ಚೀಲದಲ್ಲಿದೆ, ಹಗೇವುಗಳು ಮುಚ್ಚಿವೆ, ಅವುಗಳ ಮೇಲೆ ಮನೆ ಎದ್ದಿವೆ. ಕೆಲವು ವರ್ಷಗಳ ಹಿಂದೆ ನರಗುಂದ ಪಟ್ಟಣದಲ್ಲಿ ಮನೆಯೊಳಗೇ ನೆಲ ಕುಸಿದು ಗುಂಡಿ ಬಿದ್ದಾಗ ಜನ ಹಳೆ ಹಗೇವಿನ ಕಡೆಗೂ ಮೇಲೇರಿದ ಅಂತರ್ಜಲದ ಕಡೆಗೂ ಬೆರಳು ತೋರಿಸಿದರು. ಆಟದಲ್ಲಿ ಗುಹೆಗೆ ನಾವಾಗಿಯೇ ಹೋಗುತ್ತೇವೆ. ಗುಹೆಯೇ ಅಡುಗೆಮನೆಗೆ ಬರುವ ಆಟವನ್ನು ಜಪಾನಿನವರು ಇನ್ನೂ ಮಾಡಿದಂತಿಲ್ಲ.

ಉಳಿಸಿಡುವುದು, ಅಂದರೆ ಸೇವ್

1986ರ ಮೂಲ ಆಟದಲ್ಲಿ ಉಳಿಸಿಡುವ ಸೌಕರ್ಯವೇ ಇರಲಿಲ್ಲ. ರಾಜ 20 ಅಕ್ಷರಗಳ ಒಂದು ಮಂತ್ರ ಹೇಳುತ್ತಿದ್ದ. ಅದನ್ನು ಹಾಳೆಯಲ್ಲಿ ಬರೆದಿಟ್ಟುಕೊಂಡು ಮರುದಿನ ತಪ್ಪಿಲ್ಲದೆ ಒತ್ತಬೇಕಿತ್ತು. ಒಂದಕ್ಷರ ತಪ್ಪಿದರೆ ಇಡೀ ದಿನದ ದುಡಿಮೆ ಹೋಯಿತು. 1988ರ ಮೂರನೇ ಭಾಗದಲ್ಲಿ ಕ್ಯಾಸೆಟ್ಟಿನೊಳಗೆ ಪುಟ್ಟ ಬ್ಯಾಟರಿ ಇಟ್ಟ ಮೇಲೆ ಈ ಶಿಕ್ಷೆ ತಪ್ಪಿತು. ಆ ಭಾಗ ಬಿಡುಗಡೆಯಾದದ್ದು ಬುಧವಾರ. ಜಪಾನಿನ ಮಕ್ಕಳು ಶಾಲೆ ಬಿಟ್ಟು ಅಂಗಡಿಗಳ ಮುಂದೆ ಪಾಳಿ ಹಚ್ಚಿದರು.

ಸೇವ್ ಮಾಡದೆ ದೊಡ್ಡ ಯುದ್ಧಕ್ಕೆ ಇಳಿಯಬೇಡಿ. ಇದಕ್ಕೆ ಗದಗಿನವರಿಗೆ ಹೊರಗಿನ ಉದಾಹರಣೆ ಬೇಕಿಲ್ಲ. ವೀರನಾರಾಯಣನ ಗುಡಿಯಲ್ಲಿ ಕೂತು ಕುಮಾರವ್ಯಾಸ ಬರೆದ ಎಂದು ನಾವು ನಂಬುವ ಕಾವ್ಯದಲ್ಲೇ ಇದೆ. ಧರ್ಮರಾಯ ಆಡಿದ್ದೂ ಪಾಳಿ ಆಟವೇ, ದಾಳವೂ ಇತ್ತು. ರಾಜ್ಯ, ತಮ್ಮಂದಿರು, ಹೆಂಡತಿ ಎಲ್ಲವನ್ನೂ ಒತ್ತೆ ಇಟ್ಟ, ಎಲ್ಲವನ್ನೂ ಸೋತ. ದ್ರೌಪದಿಯ ದೆಸೆಯಿಂದ ಧೃತರಾಷ್ಟ್ರ ಆಟವನ್ನು ಹಿಂದಕ್ಕೆ ತಿರುಗಿಸಿ, ಸೋತದ್ದನ್ನೆಲ್ಲ ವಾಪಸ್ ಕೊಟ್ಟು ಕಳಿಸಿದ. ಇಂಥ ಅವಕಾಶ ಯಾವ ಆಟಗಾರನಿಗೆ ಸಿಗುತ್ತದೆ? ಮಹಾರಾಯ ಅರ್ಧ ದಾರಿಯಿಂದ ತಿರುಗಿ ಬಂದು, ಅದೇ ಶಕುನಿಯ ಮುಂದೆ, ಅದೇ ದಾಳಕ್ಕೆ ಮತ್ತೆ ಕೂತ. ಹನ್ನೆರಡು ವರ್ಷ ಕಾಡು, ಒಂದು ವರ್ಷ ಅಜ್ಞಾತ. ಸೋತ ಯುದ್ಧವನ್ನು ಮರಳಿ ಲೋಡ್ ಮಾಡಿದ ಮೇಲೆ ತಂತ್ರ ಬದಲಿಸಿ ಎಂದು ಕೈಪಿಡಿಗಳು ಹೇಳುವುದು ಇದಕ್ಕೇ.

ತೊಂದರೆ ಮತ್ತು ಪರಿಹಾರ

ನಾಯಕ ಸತ್ತರೆ: ಮೊದಲ ‘ಡ್ರ್ಯಾಗನ್ ಕ್ವೆಸ್ಟ್’ನಲ್ಲಿ ಮತ್ತೆ ರಾಜನ ಮುಂದೆ ಎಚ್ಚರವಾಗುತ್ತದೆ, ಅರ್ಧ ದುಡ್ಡು ಮಾಯ. ಎಲ್ಲಿ ಹೋಯಿತೆಂದು ರಾಜ ಹೇಳುವುದಿಲ್ಲ. ಅವನ ಬಗ್ಗೆ ಆಗಲೇ ಹೇಳಿದ್ದೇನೆ.

ಬುದ್ಧಿ ಹೆಚ್ಚಿಸಿದರೂ ಮಂತ್ರ ಬಲವಾಗದಿದ್ದರೆ: ಮೊದಲ ‘ಫೈನಲ್ ಫ್ಯಾಂಟಸಿ’ಯ ಮೂಲ ರೂಪದಲ್ಲಿ ಬರೆದವರ ತಪ್ಪಿನಿಂದ ‘ಬುದ್ಧಿ’ ಎಂಬ ಅಂಕಿಗೆ ಮಂತ್ರದ ಮೇಲೆ ಯಾವ ಪರಿಣಾಮವೂ ಇರಲಿಲ್ಲ. ಬುದ್ಧಿ ಇದ್ದೂ ಏನೂ ಆಗದ ಸ್ಥಿತಿ. ಪಂಚಾಯ್ತಿ ಸಭೆಗೆ ಹೋಗಿ ಬಂದವರು ಇದನ್ನು ದೋಷವೆಂದು ಗುರುತಿಸದೇ ಹೋಗಬಹುದು.

ಅಜ್ಜ ‘ಅದರಾಗ ಏನೈತೋ ಮಾರಾಯ’ ಎಂದು ಕನ್ನಡಕ ಹಾಕಿಕೊಂಡು ಪಕ್ಕಕ್ಕೆ ಬಂದು ಕೂತರೆ: ಮೊಬೈಲ್ ಬಚ್ಚಿಡಬೇಡಿ. ಪರದೆಯ ಮಾತುಗಳನ್ನು ರೋಣದ ಕನ್ನಡಕ್ಕೆ ತಿರುಗಿಸಿ ಓದಿ ಹೇಳಿ. ‘ಇಲ್ಲೊಬ್ಬ ರಾಜಾ ಅದಾನ ಅಜ್ಜಾ, ಅವನ ಮಗಳನ್ನ ಡ್ರ್ಯಾಗನ್ ಹೊತ್ಕೊಂಡು ಹೋಗೇತಿ.’ ‘ಮತ್ತ ಇಂವಾ ಏನ್ ಮಾಡಾಕತ್ತಾನ? ಕುಂತಾನೇನ ಸುಮ್ಮಕ?’ ಅಲ್ಲಿಂದ ಮುಂದೆ ಯಾವ ಗುಂಡಿ ಒತ್ತಬೇಕೆಂದು ಅಜ್ಜನೇ ಹೇಳುತ್ತಾನೆ. ಓಡಿಹೋಗುವ ಗುಂಡಿಯನ್ನಂತೂ ಒತ್ತಲು ಬಿಡುವುದಿಲ್ಲ.

ತಯಾರಕರ ಗಮನಕ್ಕೆ

ನಿಜವಾದ ತೊಂದರೆ ಇದೇ. ಪುಸ್ತಕದಷ್ಟು ಮಾತಿರುವ ಈ ಆಟಗಳಲ್ಲಿ ಕನ್ನಡದ ಮಾತು ಸಿಗುವುದಿಲ್ಲ. ಇಂಗ್ಲಿಷ್ ಬಾರದ ಹುಡುಗ ಸುಳಿವು ತಿಳಿಯದೆ ಬಯಲಲ್ಲಿ ಸ್ಲೈಮ್ ಹೊಡೆಯುತ್ತಲೇ ಇರುತ್ತಾನೆ.

ಚೌಕ ಚಿತ್ರದ ಆಟಕ್ಕೆ ಕನ್ನಡ ಲಿಪಿ ಒಗ್ಗದು ಎನ್ನುವವರಿಗೆ ಉತ್ತರವಿದೆ. ಹಳೆ ಯಂತ್ರದಲ್ಲಿ ಒಂದು ಅಕ್ಷರಕ್ಕೆ ಅಡ್ಡ 8, ಉದ್ದ 8 ಚುಕ್ಕೆಯ ಒಂದು ಮನೆ. ರೋಣವೂ ನರಗುಂದವೂ ತುಸು ಒತ್ತರಿಸಿಕೊಂಡು ಒಂದೇ ಸಾಲಿನಲ್ಲಿ ಕೂರಬಹುದು. ಗಜೇಂದ್ರಗಡಕ್ಕೆ ಮಾತ್ರ ‘ದ್ರ’ದ ಒತ್ತು ಇಳಿಸಲು ನೆಲಮಾಳಿಗೆ ಬೇಕು. (ಮೊದಲು ರೋಣ ತಾಲ್ಲೂಕಿನಲ್ಲೇ ಇದ್ದು ಆಮೇಲೆ ಬೇರೆ ತಾಲ್ಲೂಕಾದ ಊರು, ಸ್ವಲ್ಪ ಹೆಚ್ಚು ಜಾಗ ಕೇಳುವುದು ಸಹಜ.) ಜಪಾನಿನವರಿಗೂ ಇಂಥದೇ ಪೇಚಿತ್ತು. ತಮ್ಮ ಅಕ್ಷರದ ನೆತ್ತಿಯ ಮೇಲಿನ ಎರಡು ಗೆರೆಗೆ ಜಾಗ ಸಾಲದಾಗ ಅದನ್ನು ಮೇಲಿನ ಸಾಲಿಗೆ ಎತ್ತಿಟ್ಟರು. ಜಾಗ ಉಳಿಸಲು ಮೊದಲ ‘ಡ್ರ್ಯಾಗನ್ ಕ್ವೆಸ್ಟ್’ನಲ್ಲಿ ಕತಕಾನ ಲಿಪಿಯ ಇಪ್ಪತ್ತೇ ಅಕ್ಷರ ಬಳಸಿ, ಅವುಗಳಲ್ಲಿ ಬರೆಯಬಹುದಾದ ಹೆಸರುಗಳನ್ನೇ ರಾಕ್ಷಸರಿಗೆ ಇಟ್ಟರು. ಅವರು ಮೇಲಕ್ಕೆ ಎತ್ತಿದ್ದನ್ನು ನಾವು ಕೆಳಕ್ಕೆ ಇಳಿಸಿದರಾಯಿತು. ಈಗಂತೂ ಆ ಕಷ್ಟವೂ ಇಲ್ಲ. ಗೋಡೋ ಎಂಬ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಆಟದ ತಂತ್ರಾಂಶದ ನಾಲ್ಕನೇ ಆವೃತ್ತಿ ಒತ್ತಕ್ಷರಗಳನ್ನು ತಾನೇ ಜೋಡಿಸುತ್ತದೆ. 2006ರಲ್ಲಿ ಜಪಾನಿನಲ್ಲಷ್ಟೇ ಬಿಡುಗಡೆಯಾದ ‘ಮದರ್ 3’ ಆಟವನ್ನು ಅದರ ಅಭಿಮಾನಿಗಳೇ ಕೂತು 2008ರಲ್ಲಿ ಇಂಗ್ಲಿಷಿಗೆ ತಂದರು. ಯಾರೂ ಅವರಿಗೆ ಸಂಬಳ ಕೊಟ್ಟಿರಲಿಲ್ಲ.

ಆದ್ದರಿಂದ ಗದಗ, ಹುಬ್ಬಳ್ಳಿ, ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕೂತಿರುವ ಮೂರು ತಾಲ್ಲೂಕಿನ ಹುಡುಗ ಹುಡುಗಿಯರಲ್ಲಿ ಒಂದು ವಿನಂತಿ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಹಾಜರಿ ಹಾಕುವ ಆ್ಯಪನ್ನೇ ಮತ್ತೆ ಮಾಡಬೇಡಿ. ಒಂದು ಪಾಳಿ ಆಟ ಮಾಡಿ. ಸೂಡಿಯ ನಾಗಕುಂಡದಲ್ಲಿ ಸೇವ್ ಆಗಲಿ, ಕಾಲಕಾಲೇಶ್ವರನ ಅಂತರಗಂಗೆಯ ನೀರು ಕುಡಿದರೆ ಗಾಯ ಮಾಯಲಿ, ನರಗುಂದದ ಗುಡ್ಡ ಮೊದಲ ಹೆಜ್ಜೆಯಿಂದಲೇ ಕಾಣಲಿ. ರಾಜ ಖರ್ಚಿಗೆ ಸರಿಯಾಗಿ ದುಡ್ಡು ಕೊಡಲಿ, ನಮ್ಮ ಕಡೆಯ ಮಾತಾಡಲಿ. ಅವ್ವ ಕರೆದಾಗ ಆಟ ನಿಂತು ಕಾಯಲಿ. ಹೆಸರು ಬರೆಯುವ ಜಾಗಕ್ಕೆ ಮಾತ್ರ ಧಾರಾಳವಾಗಿ ಹತ್ತು ಕನ್ನಡ ಅಕ್ಷರ ಬಿಡಿ; ಶರಣಬಸಪ್ಪಗೌಡರೂ ಆಡುತ್ತಾರೆ.